ಮನೆಯಂಗಳದ ಜೀವಿಗಳು: ಸ್ಥಳೀಯವೂ ಆಗಂತುಕವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮಜೀವನವನ್ನು ಬಲ್ಲವರಿಗೆ, ಅಲ್ಲಿಯ ಮನೆಯೆಂದರೆ ನಾಲ್ಕು ಗೋಡೆಗಳ ಆವರಣ ಮಾತ್ರವಲ್ಲವೆಂಬುದು ತಿಳಿದೇ ಇದೆ. ಮನೆಯ ಹಿಂದೆ ಹಿತ್ತಿಲು, ತಿಪ್ಪೆ, ಹುಲ್ಲಿನ ಬಣವೆ. ಅದರಾಚೆ ಕತ್ತಾಳೆಯ ಬೇಲಿ, ಶೇಂಗಾ ಅಥವಾ ಮುಸುಕಿನ ಜೋಳದ ಹೊಲ, ನೀರಿರುವೆಡೆ ತೆಂಗು ಅಡಿಕೆಗಳ ತೋಟ. ಇನ್ನೂ ಆಚೆಗೆ ಬಂಡೆಗಲ್ಲಿನ ಗುಡ್ಡ ಮತ್ತು ಕುರುಚಲು ಕಾಡು. ಈ ಸಾಲು ಎಲ್ಲಿಯೂ ಕಡಿಯುವುದಿಲ್ಲವಾದುದರಿಂದ ಗುಡ್ಡದ ಜೀವಿ ಹಿತ್ತಿಲಿನವರೆಗೆ ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಹೀಗೆ ಬರುವವುಗಳಲ್ಲಿ ಎರಡು ಬಗೆಯುಂಟು. ಮೊದಲನೆಯವು ಈ ನೆಲದಲ್ಲಿಯೇ ಅನಾದಿಯಿಂದ ಬಾಳಿದವು. ಎರಡನೆಯವು ಮನುಷ್ಯನ ಸಂಚಾರ ವ್ಯಾಪಾರಗಳ ಬೆನ್ನು ಹತ್ತಿ ದೂರದೇಶಗಳಿಂದ ಬಂದವು. ನಮ್ಮ ಜನ ಮೊದಲನೆಯವನ್ನು ಕಂಡರೆ ಕೋಲೆತ್ತುತ್ತಾರೆ. ಎರಡನೆಯವು ಬಂದುದನ್ನು ಬೆಳೆ ಹಾಳಾಗುವವರೆಗೂ ಗಮನಿಸುವುದಿಲ್ಲ. ಈ ತಪ್ಪಿಗೆ ತೆರುವ ಬೆಲೆ ದೊಡ್ಡದಾದುದರಿಂದ ಎರಡರ ಭೇದವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಸ್ಥಳೀಯ ಪ್ರಾಣಿಗಳನ್ನು ನೋಡೋಣ. ಚಿತ್ರದುರ್ಗದ ದಕ್ಷಿಣಕ್ಕಿರುವ ಜೋಗಿಮಟ್ಟಿ ಮತ್ತು ಮಾರಿಕಣಿವೆಯ ಸುತ್ತಿನ ಗುಡ್ಡಗಳು ಕರಡಿ ಚಿರತೆಗಳ ನೆಲೆ. ನಮ್ಮ ಕರಡಿ ಭರತಖಂಡಕ್ಕೂ ಶ್ರೀಲಂಕೆಗೂ ಮಾತ್ರ ಸೀಮಿತವಾದ ಜಾತಿ. ಗೆದ್ದಲು, ಇರುವೆ, ಜೇನು, ಎಲಚಿ, ಕಾರೆ, ಕವಳೆ ಮೊದಲಾದವು ಅದರ ಆಹಾರ. ಮನುಷ್ಯನನ್ನು ಅದು ಆಹಾರವೆಂದು ಬೇಟೆಯಾಡುವುದಿಲ್ಲ. ಆದರೆ ಅದರ ದೃಷ್ಟಿ ಮಂದ. ಹುತ್ತವನ್ನು ಕೆದಕುವುದರಲ್ಲಿ ಮಗ್ನವಾಗಿದ್ದಾಗ ಹತ್ತಿರ ಬಂದವರ ಅರಿವು ಅದಕ್ಕಾಗುವುದಿಲ್ಲ. ಬೆಳಗಿನ ನಸುಕಿನಲ್ಲಿ ಹೊಲಕ್ಕೆ ಹೋಗುವವರು ಎದುರಾದರೆ ಬೆದರಿ ಮೈಮೇಲೆ ಬೀಳುತ್ತದೆ. ಕತ್ತಲಿರುವಾಗ ಒಬ್ಬೊಬ್ಬರೇ ಹೋಗದಿರುವುದು, ಮಾತಾಡುತ್ತಲೋ ಕೋಲು ಬಡಿಯುತ್ತಲೋ ನಡೆಯುವುದು ಇದಕ್ಕೆ ಸರಳವಾದ ರಕ್ಷಣೆ. ಚಿರತೆಯನ್ನು ಊರಿಗೆ ಎಳೆಯುವುದು ಬಹುಮಟ್ಟಿಗೆ ನಾಯಿ, ಕುರಿ, ಮೇಕೆಗಳು. ರೊಪ್ಪಕ್ಕೆ ಭದ್ರವಾದ ಬಾಗಿಲೂ ಮೇಲುಹೊದಿಕೆಯೂ ಇದ್ದರೆ ಹಾನಿ ತಗ್ಗುತ್ತದೆ.

ಹಾವಿನ ವಿಷಯ ಇನ್ನೂ ಗಂಭೀರವಾದುದು. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು ಹನ್ನೆರಡು ಲಕ್ಷ ಜನ, ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಜನ, ಹಾವಿನ ಕಡಿತದಿಂದ ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ೨೦೨೪ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು. ಇಷ್ಟು ಸಾವುಗಳಲ್ಲಿ ಬಹುಪಾಲಿಗೆ ಕಾರಣವಾಗುವವು ನಾಲ್ಕೇ ಜಾತಿಗಳು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಕಟ್ಟುಹಾವು ರಾತ್ರಿಯಲ್ಲಿ ಸಂಚರಿಸುತ್ತದೆ. ನೆಲದ ಮೇಲೆ ಮಲಗಿದವರನ್ನು ಕಡಿದಾಗ ನೋವೇ ಇಲ್ಲದಿರಬಹುದು. ಮಂಚದ ಮೇಲೆ ಮಲಗುವುದು, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸುವುದು, ಕತ್ತಲಲ್ಲಿ ದೀಪ ಹಿಡಿದು ನಡೆಯುವುದು, ಕಲ್ಲು ಸೌದೆಗಳ ರಾಶಿಗೆ ಬರಿಗೈ ಹಾಕದಿರುವುದು, ಇವು ಪ್ರಾಣ ಉಳಿಸುವ ಅಭ್ಯಾಸಗಳು. ಕಡಿತವಾದಲ್ಲಿ ಗಾಯವನ್ನು ಕುಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಡಿತವಾದ ಅಂಗವನ್ನು ಅಲುಗಿಸದೆ, ತಡಮಾಡದೆ ವಿಷನಿರೋಧಕ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಒಯ್ಯಬೇಕು.

ಆದರೆ ಹಾವುಗಳೆಲ್ಲ ವಿಷದವುಗಳಲ್ಲ. ಹಿತ್ತಿಲಿನಲ್ಲಿ ಕಾಣಿಸಿ ಏಟು ತಿನ್ನುವ ಕೇರೆಹಾವಿಗೆ ವಿಷವಿಲ್ಲ. ಅದರ ಬಾಲದಲ್ಲಿ ವಿಷವಿದೆಯೆಂಬುದು ಬರಿಯ ನಂಬಿಕೆ. ಇಲಿ ಹೆಗ್ಗಣಗಳೇ ಅದರ ಮುಖ್ಯ ಆಹಾರ. ಅಪಶಕುನವೆಂದು ಓಡಿಸುವ ಕಣಜಗೂಬೆ, ಬೇಲಿಯ ಸಂದಿಯ ಮುಂಗುಸಿ, ಹುತ್ತದ ಬಳಿಯ ಉಡ ಇವೂ ಇಲಿಗಳ ಶತ್ರುಗಳೇ. ಇವನ್ನು ಕೊಂದ ಮನೆಯಲ್ಲಿ ಕಾಳಿನ ಚೀಲಕ್ಕೆ ಇಲಿ ಬರುತ್ತದೆ; ಇಲಿಯನ್ನು ಅರಸಿ ನಾಗರಹಾವು ಬರುತ್ತದೆ. ಹೀಗೆ ಭಯದಿಂದ ಮಾಡಿದ ಕೊಲೆ ಭಯಕ್ಕೇ ಹೊಸ ಕಾರಣವನ್ನು ಒದಗಿಸುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಪ್ರಾಣಿಗಳನ್ನು ರಕ್ಷಿಸುತ್ತದೆಯೆಂಬುದನ್ನೂ ಮರೆಯಬಾರದು.

ಇನ್ನು ಆಗಂತುಕಗಳ ವಿಚಾರ. ಹೊರಗಿನಿಂದ ಬಂದುದೆಲ್ಲವೂ ಪೀಡೆಯಲ್ಲ. ಮೇಲೆ ಹೇಳಿದ ಕತ್ತಾಳೆ, ಶೇಂಗಾ, ಮುಸುಕಿನ ಜೋಳ, ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಸೀತಾಫಲ, ಇವೆಲ್ಲ ಅಮೆರಿಕ ಖಂಡದಿಂದ ಬಂದವೇ. ಹಾಗಾದರೆ ಹೊರಗಿನ ಜೀವಿ ಪೀಡೆಯಾಗುವುದು ಯಾವಾಗ? ತವರಿನಲ್ಲಿ ಅದರ ಸಂಖ್ಯೆಯನ್ನು ಹಿಡಿತದಲ್ಲಿಟ್ಟಿದ್ದ ಪರೋಪಜೀವಿಗಳನ್ನೂ ಭಕ್ಷಕರನ್ನೂ ಹಿಂದೆ ಬಿಟ್ಟು ಅದೊಂದೇ ಬಂದು, ಹೊಸ ನೆಲದಲ್ಲಿ ಹೇರಳವಾದ ಆಹಾರವನ್ನು ಕಂಡಾಗ.

ತೆಂಗಿನ ತೋಟವೇ ಇದಕ್ಕೆ ಒಳ್ಳೆಯ ನಿದರ್ಶನ. ಗರಿಯ ಹಸಿರನ್ನು ತಿನ್ನುವ ಕಪ್ಪುತಲೆ ಹುಳು ಈ ಭಾಗದ್ದೇ. ಅದು ಕೆಲವು ವರ್ಷಗಳಲ್ಲಿ ವಿಪರೀತವಾಗಿ ಹಾನಿ ಮಾಡುವುದುಂಟು. ಆದರೆ ಅದನ್ನು ತಿಂದು ಬದುಕುವ ಸಣ್ಣ ಕಣಜಗಳೂ ಇಲ್ಲಿಯೇ ಇವೆ. ಅವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋಟಕ್ಕೆ ಬಿಡುವ ಪದ್ಧತಿ ರೂಢಿಯಲ್ಲಿದೆ. ಇದಕ್ಕೆ ಹೋಲಿಸಿದರೆ, ೧೯೯೮ರಲ್ಲಿ ಕೇರಳದಿಂದ ವರದಿಯಾಗಿ ಬೇಗನೆ ಕರ್ನಾಟಕಕ್ಕೂ ಹಬ್ಬಿದ ನುಸಿಪೀಡೆಯ ಸ್ವಭಾವ ಬೇರೆ. ಬರಿಗಣ್ಣಿಗೆ ಕಾಣದ ಈ ನುಸಿ ಎಳೆಗಾಯಿಯ ತೊಟ್ಟಿನ ಕೆಳಗೆ ಅಡಗಿ ರಸ ಹೀರುತ್ತದೆ; ಕಾಯಿ ಕಂದುಬಣ್ಣದ ಬಿರುಕುಗಳಿಂದ ಮುರುಟಿ ಸಣ್ಣದಾಗುತ್ತದೆ. ೨೦೧೬ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮತ್ತೊಂದು ಅಮೆರಿಕದ ಕೀಟ ಕಾಣಿಸಿಕೊಂಡಿತು. ಗರಿಯ ಕೆಳಭಾಗದಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆಯಿಡುವ ಬಿಳಿನೊಣವದು. ಅದು ಸುರಿಸುವ ಸಿಹಿದ್ರವದ ಮೇಲೆ ಕಪ್ಪುಬೂಷ್ಟು ಬೆಳೆದು ತೋಟವೆಲ್ಲ ಮಸಿ ಬಳಿದಂತೆ ಕಾಣುತ್ತದೆ.

ಬೇಸಾಯಗಾರನಿಗೆ ಮೊದಲು ತೋಚುವ ಉಪಾಯ ವಿಷದ ಸಿಂಪಡಣೆ. ಆದರೆ ಬಿಳಿನೊಣದ ವಿಷಯದಲ್ಲಿ ತಜ್ಞರು ಕೊಟ್ಟ ಸಲಹೆ ಅದಕ್ಕೆ ವಿರುದ್ಧವಾದುದು. ಆ ನೊಣದ ಮರಿಗಳಲ್ಲಿ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಎನ್‌ಕಾರ್ಸಿಯ ಎಂಬ ಕಿರುಕಣಜ, ಯಾರೂ ತರದಿದ್ದರೂ ಅದರ ಹಿಂದೆಯೇ ನಮ್ಮ ತೋಟಗಳನ್ನು ಸೇರಿತ್ತು. ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಈ ಮಿತ್ರನೇ. ಕಣಜವಿರುವ ಗರಿಯ ತುಂಡುಗಳನ್ನು ಕಣಜವಿಲ್ಲದ ತೋಟದಲ್ಲಿ ಕಟ್ಟುವುದು ಹೆಚ್ಚು ಫಲಕಾರಿ. ಮುಸುಕಿನ ಜೋಳದ ಸೈನಿಕ ಹುಳುವಿನ ಕತೆಯೂ ಹೀಗೆಯೇ. ಅಮೆರಿಕದ ಈ ಹುಳು ೨೦೧೬ರಲ್ಲಿ ಆಫ್ರಿಕವನ್ನು ಮುಟ್ಟಿ, ೨೦೧೮ರಲ್ಲಿ ನಮ್ಮ ನೆರೆಯ ಶಿವಮೊಗ್ಗದಲ್ಲಿ ಪತ್ತೆಯಾಯಿತು. ಅಲ್ಲಿಂದ ದೇಶದ ನಾನಾ ಭಾಗಗಳಿಗೆ ಹರಡಲು ಅದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಬೆಳೆಯನ್ನು ದಿನವೂ ನೋಡಿ, ಮೊಟ್ಟೆಯ ಗುಂಪುಗಳನ್ನು ಆರಂಭದಲ್ಲಿಯೇ ಹಿಸುಕಿ ಹಾಕಿದವರಿಗೆ ಹಾನಿ ಕಡಿಮೆ.

ಪೀಡೆಯ ಶತ್ರುವನ್ನು ಅದರ ತವರಿನಿಂದ ತರುವುದೂ ಒಂದು ಮಾರ್ಗ. ಒಂದು ಕಾಲಕ್ಕೆ ದಕ್ಷಿಣ ಭಾರತದ ಒಣಭೂಮಿಯನ್ನು ಆವರಿಸಿದ್ದ ಪಾಪಾಸುಕಳ್ಳಿಯನ್ನು ಅಳಿಸಿದುದು ಕಳ್ಳಿಯನ್ನಷ್ಟೇ ತಿನ್ನುವ ಒಂದು ಕೀಟ. ಅದನ್ನು ೧೯೨೬ರಲ್ಲಿ ಸಿಂಹಳದಿಂದ ತರಲಾಯಿತು. ಕಾಂಗ್ರೆಸ್ ಗಿಡವನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದರ ಫಲ ಭಾಗಶಃ ಮಾತ್ರ. ಆದರೆ ಪರೀಕ್ಷಿಸದೆ ತಂದರೆ ಔಷಧವೇ ರೋಗವಾಗುತ್ತದೆ. ಕಬ್ಬಿನ ಗದ್ದೆಯ ಇಲಿಗಳನ್ನು ಕೊಲ್ಲಲೆಂದು ೧೮೭೨ರಲ್ಲಿ ನಮ್ಮ ದೇಶದ ಸಣ್ಣ ಮುಂಗುಸಿಯನ್ನು ಜಮೈಕ ದ್ವೀಪಕ್ಕೆ ಒಯ್ದರು. ಅದು ಇಲಿಗಳ ಜೊತೆಗೆ ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳನ್ನೂ ಹಲ್ಲಿ ಹಾವುಗಳನ್ನೂ ತಿಂದು ತಾನೇ ಪೀಡೆಯಾಯಿತು. ನಮ್ಮ ಅಂಗಳದಲ್ಲಿ ಹುಳು ಹೆಕ್ಕುವ ಗೊರವಂಕವನ್ನು ೧೮೬೦ರ ದಶಕದಲ್ಲಿ ಆಸ್ಟ್ರೇಲಿಯಕ್ಕೆ ಒಯ್ದರು. ಅಲ್ಲಿ ಅದು ಮರದ ಪೊಟರೆಗಳನ್ನು ಆಕ್ರಮಿಸಿ ಆ ನಾಡಿನ ಗಿಳಿಗಳನ್ನು ಹೊರಗಟ್ಟುವ ಉಪದ್ರವಕಾರಿ. ಇಲ್ಲಿ ಮಿತ್ರನಾದುದು ಅಲ್ಲಿ ಶತ್ರು. ಪೀಡೆಯೆಂಬುದು ಪ್ರಾಣಿಯ ಹುಟ್ಟುಗುಣವಲ್ಲ, ಪ್ರಾಣಿಗೂ ನೆಲಕ್ಕೂ ಇರುವ ಸಂಬಂಧದ ಗುಣವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದರಿಂದ ಎರಡು ನೀತಿಗಳು ಹೊರಡುತ್ತವೆ. ಸ್ಥಳೀಯ ಪ್ರಾಣಿಯೊಡನೆ ಎಚ್ಚರದಿಂದ ಅಂತರವಿಟ್ಟು ಬಾಳಬೇಕು. ಆಗಂತುಕವನ್ನು ಬಾಗಿಲಲ್ಲಿಯೇ ತಡೆಯಬೇಕು. ಹೊರಗಿನಿಂದ ತೆಂಗು ಅಡಿಕೆಗಳ ಸಸಿ ತರುವಾಗ ಎಲೆಯ ಕೆಳಭಾಗವನ್ನೂ ಬೇರಿನ ಮಣ್ಣನ್ನೂ ಪರೀಕ್ಷಿಸಿದರೆ, ೧೮೪೭ರಲ್ಲಿ ಕಲ್ಕತ್ತೆಗೆ ಬಂದು ದೇಶಾದ್ಯಂತ ಹಬ್ಬಿದ ಆಫ್ರಿಕದ ದೈತ್ಯ ಬಸವನಹುಳುವಿನಂಥವುಗಳ ಪ್ರವೇಶ ಎಷ್ಟೋ ತಪ್ಪುತ್ತದೆ. ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದರಲ್ಲಿ ದೊಡ್ಡ ಸಹಾಯ ಮಾಡಬಲ್ಲರು. ತಮ್ಮ ಊರಿನ ಹಿತ್ತಿಲುಗಳಲ್ಲಿ ಕಂಡ ಹಾವು, ಹಕ್ಕಿ, ಕೀಟಗಳನ್ನು ದಿನಾಂಕ ಸಹಿತ ಬರೆದಿಟ್ಟರೆ, ಹಿಂದೆ ಇಲ್ಲದಿದ್ದ ಜೀವಿ ಬಂದ ವರ್ಷವೇ ಗೊತ್ತಾಗುತ್ತದೆ. ಗುರುತು ಸಿಗದ ಕೀಟವನ್ನು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನಿಗಳಿಗೆ ಒಯ್ದು ತೋರಿಸುವುದು ಕಷ್ಟದ ಕೆಲಸವಲ್ಲ. ಕೋಲೆತ್ತುವ ಮೊದಲು ಹೆಸರು ಕೇಳುವ ಅಭ್ಯಾಸವೊಂದು ಬೆಳೆದರೆ, ಮನೆಗೂ ಹೊಲಕ್ಕೂ ಆಗುವ ಲಾಭ ಅಲ್ಪವಲ್ಲ.