ಅಕ್ಷರ ಮಸುಕಾದಾಗ

ಶ್ರಾವಣ ಮಾಸ. ಘಟಪ್ರಭೆ ತುಂಬಿ ಹರಿಯುತ್ತಿದ್ದಳು. ಗೋಕಾಕದ ಸುತ್ತಮುತ್ತ ಆ ದಿನಗಳಲ್ಲಿ ಗೋಡೆ, ಬಟ್ಟೆ, ಪುಸ್ತಕ ಎಲ್ಲವೂ ತೇವವನ್ನು ಹೀರಿಕೊಂಡಿರುತ್ತವೆ. ಅಂತಹ ಒಂದು ದಿನ ಮೂಡಲಗಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ನಾನು ಹೋಗಿದ್ದೆನು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಗಣಿತದ ಉತ್ತರಪತ್ರಿಕೆಯನ್ನು ಹಿಡಿದು ಕಣ್ಣೀರು ತುಂಬಿಕೊಂಡು ನಿಂತಿದ್ದಳು. 2.5 ಸೆಂಟಿಮೀಟರ್ ಬಾಹುವುಳ್ಳ ಚೌಕದ ವಿಸ್ತೀರ್ಣವನ್ನು ಕೇಳಲಾಗಿತ್ತು. ಆಕೆ ಬಾಹುವನ್ನು 25 ಎಂದು ತಿಳಿದು, ಉತ್ತರವನ್ನು 625 ಎಂದು ಬರೆದಿದ್ದಳು. ಸರಿಯುತ್ತರ 6.25. ಆದರೆ ಲೆಕ್ಕ ಮಾಡಿದ ಕ್ರಮದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಆಕೆಯ ಪ್ರಶ್ನೆಪತ್ರಿಕೆಯನ್ನು ತರಿಸಿ ನೋಡಿದೆವು. ಮುದ್ರಣ ಅಲ್ಲಲ್ಲಿ ಮಸುಕಾಗಿತ್ತು; ದಶಮಾಂಶದ ಬಿಂದು ಕಾಗದದ ಮೇಲೆ ಮೂಡಿಯೇ ಇರಲಿಲ್ಲ!

ಹುಡುಗಿಗೆ ಅಂಕ ದೊರೆಯಿತು. ಆದರೆ ಯಂತ್ರದ ಗತಿಯೇನು? ಅದು ಹಳೆಯ ಲೇಸರ್ ಪ್ರಿಂಟರ್. "ಮಸಿಪುಡಿ ಮುಗಿದಿರಬೇಕು" ಎಂದು ಕೆಲವರು ಹೊಸ ಟೋನರ್ ಕೊಂಡು ತಂದಿದ್ದರು, ಫಲವಾಗಿರಲಿಲ್ಲ. "ಮುದಿಯಾಯಿತು, ಗುಜರಿಗೆ ಹಾಕೋಣ" ಎಂಬುದು ಉಳಿದವರ ಮತ. ಹುಕ್ಕೇರಿಯಲ್ಲಿ ಇಂತಹ ಯಂತ್ರಗಳ ದುರಸ್ತಿ ಮಾಡುವ ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆಸಿದೆವು. ಅವನು ನಕ್ಕು, "ಸರ್, ಮಷೀನಿಗೆ ಬೈಯೂದು ಬ್ಯಾಡ್ರಿ. ತಪ್ಪು ಎಲ್ಲೈತಿ ಅಂತ ಅದನ್ನ ಕೇಳೂಣ್ರಿ" ಎಂದನು.

ಯಂತ್ರವನ್ನು ಕೇಳಬೇಕಾದರೆ ಅದರ ಕೆಲಸದ ಕ್ರಮವನ್ನು ಅರಿತಿರಬೇಕು. ಒಣ ಕೂದಲನ್ನು ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವುದನ್ನು ನೀವು ನೋಡಿದ್ದೀರಿ. ಈ ಸ್ಥಿರ ವಿದ್ಯುತ್ತೇ ಲೇಸರ್ ಮುದ್ರಣದ ತಳಹದಿ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಎಂಬವನು ಪೇಟೆಂಟ್ ಕಾಗದಗಳ ಪ್ರತಿ ತೆಗೆಯುವ ಸುಲಭೋಪಾಯವನ್ನು ಹುಡುಕುತ್ತಿದ್ದನು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ, ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶ ಕೊಟ್ಟು, ಬೆಳಕು ಮತ್ತು ಪುಡಿಗಳ ನೆರವಿನಿಂದ ಅಂದಿನ ದಿನಾಂಕವನ್ನೂ ಊರ ಹೆಸರನ್ನೂ ಕಾಗದಕ್ಕೆ ಇಳಿಸಿದನು. ಇದೇ ತತ್ತ್ವಕ್ಕೆ ಲೇಸರ್ ಕಿರಣವನ್ನು ಜೋಡಿಸಿ ಗ್ಯಾರಿ ಸ್ಟಾರ್ಕ್‌ವೆದರ್ 1971ರಲ್ಲಿ ಲೇಸರ್ ಪ್ರಿಂಟರನ್ನು ರೂಪಿಸಿದನು.

ಪ್ರಿಂಟರಿನೊಳಗೆ ಡ್ರಮ್ ಎಂಬ ಉರುಳೆಯಿದೆ. ಮೊದಲು ಅದಕ್ಕೆ ವಿದ್ಯುದಾವೇಶ ದೊರೆಯುತ್ತದೆ. ಲೇಸರ್ ಕಿರಣವು ಅದರ ಮೇಲೆ ಅಕ್ಷರಗಳ ಆಕಾರವನ್ನು ಬರೆಯುತ್ತದೆ. ಬೆಳಕು ಬಿದ್ದಲ್ಲಿ ಆವೇಶ ಇಳಿಯುತ್ತದೆ. ಆ ಜಾಗಕ್ಕೆ ಟೋನರ್ ಎಂಬ ನುಣುಪಾದ ಪುಡಿ ಅಂಟಿಕೊಳ್ಳುತ್ತದೆ. ಕೆಳಗೆ ಹಾಯುವ ಕಾಗದಕ್ಕೆ ಇನ್ನೊಂದು ಉರುಳೆಯು ವಿರುದ್ಧ ಆವೇಶವನ್ನು ಕೊಟ್ಟು ಪುಡಿಯನ್ನು ಡ್ರಮ್ಮಿನಿಂದ ಕಾಗದಕ್ಕೆ ಸೆಳೆಯುತ್ತದೆ. ಕೊನೆಗೆ ಬಿಸಿಯುರುಳೆಯು ಪುಡಿಯನ್ನು ಕರಗಿಸಿ ಕಾಗದಕ್ಕೆ ಬೆಸೆಯುತ್ತದೆ.

ಶಿಷ್ಯನು ಮೊದಲು ಖರ್ಚಿಲ್ಲದ ಪರೀಕ್ಷೆಗಳನ್ನು ಮಾಡಿದನು. ಟೋನರ್ ಉಳಿತಾಯದ ವ್ಯವಸ್ಥೆ ಚಾಲನೆಯಲ್ಲಿದೆಯೇ ಎಂದು ನೋಡಿದನು, ಇರಲಿಲ್ಲ. ಯಂತ್ರದ್ದೇ ಪರೀಕ್ಷಾಪುಟವನ್ನು ಮುದ್ರಿಸಿದನು, ಅದೂ ಮಸುಕು. ಅಂದಮೇಲೆ ಗಣಕಯಂತ್ರದ ದೋಷವಲ್ಲ. ಬಳಿಕ ಮತ್ತೊಂದು ಪುಟ ಅರ್ಧ ದಾರಿಯಲ್ಲಿರುವಾಗಲೇ ಮುಚ್ಚಳವನ್ನು ತೆರೆದು ಯಂತ್ರವನ್ನು ನಿಲ್ಲಿಸಿದನು. ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಡ್ರಮ್ಮನ್ನು ಮುಟ್ಟದೆ ಮೆಲ್ಲನೆ ಹೊರತೆಗೆದು ನಮಗೆ ತೋರಿಸಿದನು. ಅದರ ಮೇಲೆ ಕಾಗದಕ್ಕೆ ಇನ್ನೂ ಇಳಿಯದ ಅಕ್ಷರಗಳು ಅಚ್ಚಕಪ್ಪಾಗಿ ಮೂಡಿದ್ದವು!

ಇದರ ಅರ್ಥವನ್ನು ಗಮನಿಸಬೇಕು. ಡ್ರಮ್ಮಿನ ಮೇಲೆಯೇ ಅಕ್ಷರ ಮಸುಕಾಗಿದ್ದರೆ ತಪ್ಪು ಟೋನರಿನದೋ, ಡ್ರಮ್ಮಿನದೋ, ಲೇಸರ್ ಕಿರಣದ ದಾರಿಯ ಧೂಳಿನದೋ ಆಗಿರುತ್ತಿತ್ತು. ಅಲ್ಲಿ ಅಕ್ಷರ ಕಪ್ಪಾಗಿರುವುದರಿಂದ ಅವೆಲ್ಲವೂ ನಿರಪರಾಧಿಗಳು. ತಪ್ಪು ಉಳಿದಿರುವುದು ಡ್ರಮ್ಮಿನಿಂದ ಕಾಗದಕ್ಕೆ ಪುಡಿ ಇಳಿಯುವ ಹಂತದಲ್ಲಿ. ಅಲ್ಲಿರುವುದು ಎರಡೇ: ಸೆಳೆಯುವ ಉರುಳೆ ಮತ್ತು ಕಾಗದ. ಅಗ್ಗವಾದುದನ್ನು ಮೊದಲು ಬದಲಿಸಿ ನೋಡುವುದು ಜಾಣತನ. ಒಡೆಯದ ಹೊಸ ಕಟ್ಟಿನಿಂದ ನಾಲ್ಕು ಹಾಳೆಗಳನ್ನು ತೆಗೆದು ಇಟ್ಟನು. ಮುದ್ರಣ ಕಾಡಿಗೆಯಂತೆ ಮೂಡಿತು.

ಹಳೆಯ ಕಟ್ಟು ಹೊದಿಕೆ ಹರಿದು, ಕಿಟಕಿಯ ಕೆಳಗೆ ನೆಲದ ಮೇಲೆ ಬಿದ್ದಿತ್ತು. ಮಳೆಗಾಲದಲ್ಲಿ ಬಾಚಣಿಗೆಯ ಆಟ ಸರಿಯಾಗಿ ನಡೆಯುವುದಿಲ್ಲವಷ್ಟೆ? ತೇವವು ಆವೇಶವನ್ನು ಸೋರಿಸಿಬಿಡುತ್ತದೆ. ತೇವಗೊಂಡ ಕಾಗದದ ಪಾಡೂ ಅದೇ. ಆವೇಶ ನಿಲ್ಲದಿದ್ದರೆ ಪುಡಿಯನ್ನು ಸೆಳೆಯುವವರಾರು? ಯಂತ್ರವೂ ತಪ್ಪು ಮಾಡಿರಲಿಲ್ಲ, ಟೋನರೂ ತಪ್ಪು ಮಾಡಿರಲಿಲ್ಲ.

ಎಲ್ಲ ಮಸುಕಿಗೂ ಕಾರಣ ಒಂದೇ ಅಲ್ಲ. ಪುಟದುದ್ದಕ್ಕೂ ಒಂದೇ ಕಡೆ ಬಿಳಿಯ ಪಟ್ಟಿ ಬಂದರೆ ಲೇಸರಿನ ದಾರಿಯಲ್ಲಿ ಧೂಳಿರಬಹುದು, ಇಲ್ಲವೆ ಟೋನರ್ ಒಂದು ಬದಿಗೆ ಸರಿದಿರಬಹುದು. ಟೋನರ್ ಪೆಟ್ಟಿಗೆಯನ್ನು ಅಡ್ಡಡ್ಡಲಾಗಿ ಮೆಲ್ಲನೆ ತೂಗಿದಾಗ ಕೆಲವು ಪುಟಗಳು ಚೆನ್ನಾಗಿ ಬಂದು ಮತ್ತೆ ಮಸುಕಾದರೆ ಪುಡಿ ಮುಗಿಯುತ್ತ ಬಂದಿದೆ ಎಂದು ತಿಳಿಯಬೇಕು. ಸಮಾನ ಅಂತರದಲ್ಲಿ ಒಂದೇ ಕಲೆ ಮರುಕಳಿಸಿದರೆ ಯಾವುದೋ ಉರುಳೆಗೆ ಗಾಯವಾಗಿದೆ. ಅಕ್ಷರ ಬೆರಳಿಗೆ ಅಂಟಿ ಬಂದರೆ ಬಿಸಿಯುರುಳೆಯ ದೋಷ. ಆದರೆ ಎಚ್ಚರಿಕೆ ಬೇಕು: ಬಿಸಿಯುರುಳೆ ಕೈ ಸುಡುತ್ತದೆ, ಡ್ರಮ್ ಬೆಳಕಿಗೆ ಹಾಳಾಗುತ್ತದೆ. ಚೆಲ್ಲಿದ ಟೋನರನ್ನು ಊದಬಾರದು. ಕೈಗೆ ಅಂಟಿದರೆ ತಣ್ಣೀರಿನಲ್ಲಿಯೇ ತೊಳೆಯಬೇಕು. ತಿಳಿದವರಿಲ್ಲದೆ ಯಂತ್ರವನ್ನು ಬಿಚ್ಚಬಾರದು.

ಅಂದಿನಿಂದ ಆ ಶಾಲೆಯ ಕಾಗದ ಕಬ್ಬಿಣದ ಕಪಾಟಿನಲ್ಲಿ ಬೆಚ್ಚಗಿದೆ. ಹಳೆಯ ಯಂತ್ರ ಕೆಲಸ ಮಾಡುತ್ತಿದೆ. ಕಣ್ಣಿಗೆ ಬಿದ್ದವರ ಮೇಲೆ ತಪ್ಪು ಹೊರಿಸುವುದು ಸುಲಭ. ಹಂತಹಂತವಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಿದಾಗ ಮಾತ್ರ ನಿಜ ಹೊರಬರುತ್ತದೆ. ಆ ಹುಡುಗಿಯ ವಿಷಯದಲ್ಲಿಯೂ ಆದದ್ದು ಇದೇ ಅಲ್ಲವೆ? ತಪ್ಪು ಅವಳ ಲೆಕ್ಕದಲ್ಲಿರಲಿಲ್ಲ. ಮೂಡದೆ ಹೋದ ಒಂದು ಬಿಂದುವಿನಲ್ಲಿತ್ತು.