ಹಸಿರು ದೀಪ ಉರಿಯುತ್ತದೆ, ಫ್ಯಾಕ್ಸ್ ಹೋಗುವುದಿಲ್ಲ

ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಕಚೇರಿಯ ಲಿನಕ್ಸ್ ಸರ್ವರ್‌ಗೆ ಪಿಆರ್‌ಐ ಲೈನು ಬಂದಿದೆ. ಮಾತು ಚೆನ್ನಾಗಿ ಕೇಳುತ್ತದೆ, ನಡುನಡುವೆ ಟಿಕ್ ಅನ್ನುತ್ತದೆ ಅಷ್ಟೆ. ಫ್ಯಾಕ್ಸ್ ಮಾತ್ರ ಅರ್ಧ ಪುಟಕ್ಕೇ ನಿಲ್ಲುತ್ತದೆ. ದೀಪ ಹಸಿರಾಗಿಯೇ ಇದೆ. ಕಾರ್ಡ್ ಕೆಟ್ಟಿದೆಯೇ?"

ಬಹುಶಃ ಕೆಟ್ಟಿಲ್ಲ. ಗಡಿಯಾರ ಹೊಂದುತ್ತಿಲ್ಲ.

ಇಂಥ ಲೈನನ್ನು ಸರ್ವರ್‌ಗೆ ಜೋಡಿಸುವ ಕಾರ್ಡನ್ನು ಲಿನಕ್ಸ್‌ನಲ್ಲಿ ನಡೆಸುವ ಡ್ರೈವರ್ ಡಾಡಿ. 2008ರವರೆಗೆ ಅದರ ಹೆಸರು ಝ್ಯಾಪ್‌ಟೆಲ್ ಆಗಿತ್ತು. ಅದನ್ನು ಹುಟ್ಟುಹಾಕಿದ ಜಿಮ್ ಡಿಕ್ಸನ್ ತಮ್ಮ ಯೋಜನೆಗೆ ಮೆಕ್ಸಿಕೋದ ಕ್ರಾಂತಿಕಾರಿ ಎಮಿಲಿಯಾನೋ ಸಪಾಟಾನ ಹೆಸರಿಟ್ಟಿದ್ದರು. ದುಬಾರಿ ಯಂತ್ರಗಳ ಕೆಲಸವನ್ನು ಸಾಧಾರಣ ಪಿಸಿಯ ಪ್ರೊಸೆಸರಿಗೇ ಹೊರಿಸಿದ ಆ ಧೈರ್ಯ ನನಗೆ ಇಂದಿಗೂ ರೋಮಾಂಚನ.

ಈಗ ಸೋಜಿಗದ ಸಂಗತಿ. ಪಿಆರ್‌ಐ ಎಂಬ ಡಿಜಿಟಲ್ ಫೋನ್ ಲೈನಿನ ತಂತಿಯಲ್ಲಿ ಸೆಕೆಂಡಿಗೆ 8000 ಫ್ರೇಮುಗಳು, ಅಂದರೆ ಮಾಹಿತಿಯ ಕಟ್ಟುಗಳು, ಹರಿಯುತ್ತವೆ. ಒಂದಕ್ಕೆ ಸಿಗುವುದು 125 ಮೈಕ್ರೋಸೆಕೆಂಡ್. ಕಟ್ಟಡದ ಕೆಲಸದಲ್ಲಿ ಕೈಯಿಂದ ಕೈಗೆ ಇಟ್ಟಿಗೆ ಎಸೆಯುವವರನ್ನು ನೋಡಿ. ಎಸೆಯುವವನು ಒಂದು ಕೂದಲೆಳೆ ಚುರುಕಾದರೂ ಸಾಕು, ಯಾವಾಗಲೋ ಒಂದು ಇಟ್ಟಿಗೆ ಹಿಡಿಯುವವನ ಕೈತಪ್ಪುತ್ತದೆ. ಎಕ್ಸ್‌ಚೇಂಜಿನ ಗಡಿಯಾರಕ್ಕೂ ಕಾರ್ಡಿನ ಸ್ಫಟಿಕಕ್ಕೂ ಹತ್ತು ಲಕ್ಷದಲ್ಲಿ 10 ಪಾಲು ವ್ಯತ್ಯಾಸ ಇದೆಯೆನ್ನಿ. ಕೈಗಡಿಯಾರದಲ್ಲಾದರೆ ದಿನಕ್ಕೆ ಒಂದು ಸೆಕೆಂಡೂ ತಪ್ಪದು. ಇಲ್ಲಿ ಪ್ರತಿ ಹನ್ನೆರಡೂವರೆ ಸೆಕೆಂಡಿಗೆ ಒಂದು ಫ್ರೇಮ್ ಕಳೆದುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ! ಇದೇ ಸ್ಲಿಪ್. ಮಾತಿನಲ್ಲಿ ಅದು ಬರೀ ಟಿಕ್, ಕಿವಿ ಲೆಕ್ಕಿಸುವುದಿಲ್ಲ. ಫ್ಯಾಕ್ಸ್ ಮೋಡೆಮ್ ಮಾತ್ರ ಅಲೆಯ ಲಯವನ್ನೇ ನೆಚ್ಚಿಕೊಂಡಿರುತ್ತದೆ; ಲಯ ಜಿಗಿದರೆ ದಾರಿ ತಪ್ಪುತ್ತದೆ. ಸಂಪರ್ಕವೇನೋ ಇದ್ದೇ ಇರುವುದರಿಂದ ದೀಪ ಹಸಿರಾಗಿಯೇ ಉರಿಯುತ್ತದೆ.

ಇಲ್ಲಿಯೇ ನನಗೆ ಸಿಟ್ಟು ಬರುವುದು. ಏನೇ ಆಗಲಿ ಸರ್ವರ್ ರೀಸ್ಟಾರ್ಟ್ ಮಾಡುವುದು ಒಂದು ಮೂಢನಂಬಿಕೆಯಾಗಿಬಿಟ್ಟಿದೆ. ಅದರಿಂದ ಗಡಿಯಾರ ಸರಿಹೋಗುವುದಿಲ್ಲ. ಕರ್ನಲ್ ತನ್ನ ಸಂದೇಶಗಳ ಪಟ್ಟಿಯಾದ ಡಿಮೆಸ್ಜಿಯಲ್ಲಿ ಬರೆದಿಟ್ಟಿದ್ದ ಸುಳಿವೂ ಅಳಿಸಿಹೋಗುತ್ತದೆ. ದಯವಿಟ್ಟು ಮೊದಲು ಓದಿ, ಆಮೇಲೆ ಕೈ ಹಾಕಿ.

ಡಾಡಿಯ ಸಿಸ್ಟಮ್ ಕಾನ್ಫ್ ಕಡತ ತೆರೆಯಿರಿ. ಸ್ಪ್ಯಾನ್=1,0,0,ಸಿಸಿಎಸ್,ಎಚ್‌ಡಿಬಿ3,ಸಿಆರ್‌ಸಿ4 ಎಂಬಂಥ ಸಾಲು ಇರುತ್ತದೆ. ಎರಡನೆಯ ಅಂಕಿಯೇ ಕಾಲದ ಮೂಲ. ಸೊನ್ನೆ ಇದ್ದರೆ ಈ ಲೈನಿನಿಂದ ಕಾಲ ತೆಗೆದುಕೊಳ್ಳಬೇಡ ಎಂದರ್ಥ. ಅದನ್ನು 1 ಮಾಡಿ, ಡಾಡಿ ಸಿಎಫ್‌ಜಿ ಆಜ್ಞೆ ಕೊಡಿ. ಕಾರ್ಡು ಎಕ್ಸ್‌ಚೇಂಜಿನ ತಾಳಕ್ಕೆ ಹೊಂದಿಕೊಳ್ಳುತ್ತದೆ.



ಇನ್ನೊಂದು ಪೋರ್ಟಿಗೆ ನಿಮ್ಮದೇ ಹಳೆಯ ಇಪಿಎಬಿಎಕ್ಸ್ (ಕಚೇರಿಯ ಒಳ ಎಕ್ಸ್‌ಚೇಂಜ್) ಜೋಡಿಸಿದ್ದರೆ ಅಲ್ಲಿ ಸೊನ್ನೆಯೇ ಇರಲಿ. ಆ ಪೆಟ್ಟಿಗೆ ನಿಮ್ಮ ಸರ್ವರಿನಿಂದ ಕಾಲ ಕಲಿಯಬೇಕು.