ಹಾಲಿನ ಗಾಡಿಗೆ ಹಾಕಿದ ಚೀಟಿ



ಒಂದು ಹೊತ್ತು ಹಾಲಿನ ವ್ಯಾನು ಬಾರದಿದ್ದರೆ ಏನಾಗುತ್ತದೆಂಬುದು ತಮಗೆ ಗೊತ್ತೇ ಇದೆ. ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತ್ಯದ ವಿನಿಪೆಗ್ ನಗರದಲ್ಲಿ 1919ರಲ್ಲಿ ಹೀಗೇ ಆಯಿತು.

ಲೋಹ ಮತ್ತು ಕಟ್ಟಡ ಕೆಲಸಗಾರರು ಹೆಚ್ಚಿನ ಕೂಲಿಯನ್ನೂ, ಸಂಘದ ಮೂಲಕವೇ ಮಾತುಕತೆ ನಡೆಸುವ ಹಕ್ಕನ್ನೂ ಕೇಳಿದರು. ಮಾಲೀಕರು ಒಪ್ಪಲಿಲ್ಲ. ಮೇ 15ರಂದು ಸುಮಾರು 30,000 ಮಂದಿ ಕೆಲಸ ನಿಲ್ಲಿಸಿದರು. ಮೊದಲು ಹೊರಬಂದವರು ಟೆಲಿಫೋನ್ ಕಚೇರಿಯ ಹೆಣ್ಣುಮಕ್ಕಳು! ಹಾಲು, ಬ್ರೆಡ್ಡಿನ ಗಾಡಿಗಳೂ ನಿಂತವು. ಹಾಲು ನಿಂತರೆ ಮೊದಲ ಪೆಟ್ಟು ಹಸುಗೂಸುಗಳಿಗೆ. ಆದ್ದರಿಂದ ಮುಷ್ಕರ ಸಮಿತಿ ಅವೆರಡರ ಹಂಚಿಕೆಗೆ ಒಪ್ಪಿತು. ಗಾಡಿಯವರನ್ನು ಮುಷ್ಕರ ಮುರಿಯುವವರೆಂದು ಯಾರೂ ತಡೆಯದಿರಲೆಂದು ‘ಮುಷ್ಕರ ಸಮಿತಿಯ ಅಪ್ಪಣೆಯಂತೆ’ ಎಂಬರ್ಥದ ಚೀಟಿಯನ್ನು ಗಾಡಿಗಳಿಗೆ ಹಾಕಿದರು.

ಆ ಚೀಟಿಯೇ ಮುಳುವಾಯಿತು. ಅಪ್ಪಣೆ ಕೊಡಲು ಇವರಾರು, ಇದು ಸರ್ಕಾರವನ್ನೇ ಕಿತ್ತೊಗೆಯುವ ಸಂಚು ಎಂದು ವಿರೋಧಿಗಳು ಕೂಗೆಬ್ಬಿಸಿದರು. ಕೆಲವೇ ದಿನಗಳಲ್ಲಿ ಚೀಟಿ ತೆಗೆದರೂ ಅಪವಾದ ಹೋಗಲಿಲ್ಲ. ನನ್ನ ಮಟ್ಟಿಗೆ ಹಾಲು ಬಿಟ್ಟುಕೊಟ್ಟದ್ದು ಸರಿ, ಚೀಟಿಯ ಒಕ್ಕಣೆ ಮಾತ್ರ ಎಡವಟ್ಟು.

ಜೂನ್ 17ರಂದು ನಾಯಕರ ಬಂಧನವಾಯಿತು. 21ರಂದು ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. 26ಕ್ಕೆ ಮುಷ್ಕರ ಮುಗಿಯಿತು. ಜೈಲಿನಲ್ಲಿದ್ದ ಮೂವರು ನಾಯಕರನ್ನು 1920ರಲ್ಲಿ ಜನರೇ ಪ್ರಾಂತ್ಯದ ಶಾಸನಸಭೆಗೆ ಆರಿಸಿದರು. ಕೇಳಿದ ಹಕ್ಕಿಗೆ ಕೆನಡಾ ಸರ್ಕಾರದ ಆಜ್ಞೆಯ ಬಲ ಸಿಕ್ಕಿದ್ದು 1944ರಲ್ಲಿ.